ಗೂಡುದೀಪಕ್ಕೆ ಕಾಗದ ಕೊನೆಗೆ

ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ರೂಬಿಕ್ಸ್ ಕ್ಯೂಬ್ ಹಿಡಿದ ಮಕ್ಕಳು ಈಗ ಅಪರೂಪವಲ್ಲ. ಹೆಚ್ಚಿನವರ ಕೈಯಲ್ಲಿ 3×3, ಅಂದರೆ ಪ್ರತಿ ಮುಖದಲ್ಲಿ ಮೂರು ಸಾಲು ಮೂರು ಕಂಬದ್ದು, ಇರುತ್ತದೆ. ಕಿಟಕಿ ಬದಿಯ ಸೀಟಿನಲ್ಲಿ ಕೂತಿದ್ದ ಆ ಹುಡುಗನ ಕೈಯಲ್ಲಿ 6×6 ಇತ್ತು. ಸುರತ್ಕಲ್ ಬರುವಷ್ಟರಲ್ಲಿ ಆರೂ ಸೆಂಟರ್, ಅಂದರೆ ಪ್ರತಿ ಮುಖದ ನಡುಭಾಗ, ಮುಗಿದಿದ್ದವು. ಮೂಲ್ಕಿಯ ಸೇತುವೆ ದಾಟುವಾಗ ಎಡ್ಜ್‌ಗಳು, ಅಂದರೆ ಎರಡು ಮುಖ ಕೂಡುವ ಅಂಚಿನ ತುಂಡುಗಳು, ಜೋಡಿಯಾಗುತ್ತಿದ್ದವು. ಪಡುಬಿದ್ರಿಯಲ್ಲಿ ಕೊನೆಯ ಪದರಕ್ಕೆ ಬಂದಿದ್ದ. ಅಲ್ಲಿ ಒಂದೇ ಒಂದು ಎಡ್ಜ್ ತಲೆಕೆಳಗಾಗಿ ನಿಂತಿತ್ತು. "ಪುನಃ ಪ್ಯಾರಿಟಿ" ಎಂದು ಪಕ್ಕದವನಿಗೆ ತೋರಿಸಿ, ತುಟಿ ಅಲ್ಲಾಡಿಸುತ್ತಾ ಬಾಯಿಪಾಠದ ತಿರುವುಗಳನ್ನು ಹಾಕತೊಡಗಿದ. ಉಚ್ಚಿಲದಲ್ಲಿ ಬಸ್ಸು ಗಕ್ಕನೆ ನಿಂತಿತು, ಲೆಕ್ಕ ತಪ್ಪಿತು. ಮುಂದೆ ಹಾಕಿದ ನಾಲ್ಕೈದು ತಿರುವು ಊಹೆಯವು. ಮುಗಿದಿದ್ದ ಸೆಂಟರ್‌ಗಳೂ ಒಡೆದವು, ಎಡ್ಜ್‌ಗಳೂ ಬಿಚ್ಚಿಕೊಂಡವು. "ಎಂತ ಮಾಡುದು ಈಗ?" ಎಂದು ಪಕ್ಕದವ ಕೇಳಿದ. ಹುಡುಗ ಕ್ಯೂಬನ್ನು ಬ್ಯಾಗಿಗೆ ಹಾಕಿ ಕಿಟಕಿಯ ಹೊರಗೆ ನೋಡುತ್ತಾ ಕೂತ.

ಆ ಮುಖ ಮನಸ್ಸಿನಿಂದ ಹೋಗುವುದಿಲ್ಲ. ಮುಕ್ಕಾಲು ಗಂಟೆಯ ಕೆಲಸವನ್ನು ಅವನು ತಪ್ಪಿಲ್ಲದೆ ಮಾಡಿದ್ದ. ಕೊನೆಗೆ ಬಂದ ತೊಡಕು ಅವನ ಕೈತಪ್ಪಿನದ್ದಲ್ಲ. ದೊಡ್ಡ ಕ್ಯೂಬ್ ಕಲಿಯುವ ಪ್ರತಿಯೊಬ್ಬರಿಗೂ ಈ ತೊಡಕು, ಅಂದರೆ ಪ್ಯಾರಿಟಿ (ಸಮ-ಬೆಸದ ಲೆಕ್ಕ ತಪ್ಪುವುದು), ಒಂದು ಶಾಪದ ಹಾಗೆ ಪರಿಚಯವಾಗುತ್ತದೆ: ಎಲ್ಲ ಸರಿ ಮಾಡಿ, ಆಮೇಲೆ ಅದೃಷ್ಟ ನೋಡು, ಕೆಟ್ಟಿದ್ದರೆ ಈ ಮಂತ್ರ ಹೇಳು. ಇದು ಸರಿಯಾದ ಪರಿಚಯವಲ್ಲ. ನಾವು ಕ್ಯೂಬನ್ನು ಬಿಡಿಸುವ ಕ್ರಮವೇ ಪ್ಯಾರಿಟಿಯನ್ನು ದುಬಾರಿ ಮಾಡುತ್ತದೆ. ಕ್ರಮ ಬದಲಿಸಿದರೆ ಅದೇ ತೊಡಕು ಒಂದು ಕಾಲು ತಿರುವಿಗೆ ಇಳಿಯುತ್ತದೆ.

ಒಂದು ಸ್ಲೈಸಿನ ಲೆಕ್ಕ

4×4 ಎದುರಿಗಿಟ್ಟುಕೊಂಡು ನೋಡೋಣ. ಅದರಲ್ಲಿ 8 ಕಾರ್ನರ್ (ಕ್ಯೂಬಿನ ಮೂಲೆಯ ತುಂಡು), 24 ಸೆಂಟರ್ ತುಂಡು, 24 ಎಡ್ಜ್ ತುಂಡು. ಈ ಎಡ್ಜ್ ತುಂಡುಗಳಿಗೆ ವಿಂಗ್ ಎನ್ನುತ್ತಾರೆ, ಎರಡೆರಡು ಸೇರಿ ಒಂದು ಎಡ್ಜ್. ಹೊರ ಪದರವನ್ನು ಕಾಲು ಸುತ್ತು ತಿರುಗಿಸಿದರೆ ಎಂಟು ವಿಂಗ್‌ಗಳು ನಾಲ್ಕು ನಾಲ್ಕರ ಎರಡು ಚಕ್ರವಾಗಿ ಜಾಗ ಬದಲಿಸುತ್ತವೆ. ನಾಲ್ಕರ ಚಕ್ರವೆಂದರೆ ಮೂರು ಅದಲುಬದಲು, ಎರಡು ಚಕ್ರಕ್ಕೆ ಆರು. ಆರು ಸಮಸಂಖ್ಯೆ. ಆದರೆ ಸ್ಲೈಸ್, ಅಂದರೆ ಒಳಗಿನ ಪದರ, ಒಂದನ್ನೇ ಕಾಲು ಸುತ್ತು ತಿರುಗಿಸಿದರೆ ಚಲಿಸುವುದು ನಾಲ್ಕೇ ವಿಂಗ್, ಅಂದರೆ ಮೂರು ಅದಲುಬದಲು, ಬೆಸಸಂಖ್ಯೆ. ಹೀಗಾಗಿ ಕ್ಯೂಬ್ ಕೆಡಿಸುವಾಗ ಒಳ ಸ್ಲೈಸ್ ಬೆಸ ಸಲ ಕಾಲು ತಿರುಗಿದ್ದರೆ, ಬಿಡಿಸುವಾಗಲೂ ಬೆಸ ಸಲ ತಿರುಗಲೇಬೇಕು. ಇದಕ್ಕೆ ಬೇರೆ ದಾರಿ ಇಲ್ಲ.

ತೊಂದರೆ ಏನೆಂದರೆ, ಈ ಲೆಕ್ಕವನ್ನು ಸೆಂಟರ್‌ಗಳು ನಮಗೆ ಹೇಳುವುದಿಲ್ಲ. ಒಂದೇ ಬಣ್ಣದ ನಾಲ್ಕು ತುಂಡುಗಳಲ್ಲಿ ಯಾವುದು ಎಲ್ಲಿತ್ತು ಎಂದು ಕಣ್ಣಿಗೆ ತಿಳಿಯದು. ನಾವೆಲ್ಲ ಕಲಿತ ರಿಡಕ್ಷನ್ ವಿಧಾನದಲ್ಲಿ ಮೊದಲು ಸೆಂಟರ್, ಆಮೇಲೆ ಎಡ್ಜ್, ಕೊನೆಗೆ 3×3ರ ಹಾಗೆ ಬಿಡಿಸುವುದು. ಸೆಂಟರ್ ಮುಗಿಸುವ ಹೊತ್ತಿಗೆ ಒಳ ಸ್ಲೈಸ್‌ಗಳು ಎಷ್ಟು ಸಲ ತಿರುಗಿದವೆಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಅರ್ಧಕ್ಕರ್ಧ ಸಲ ಲೆಕ್ಕ ತಪ್ಪಾಗಿರುತ್ತದೆ, ಅದು ಗೊತ್ತಾಗುವುದು ಕೊನೆಯ ಪದರದಲ್ಲಿ. ಆಗ ಬೇಕಾದದ್ದು ಒಂದು ಕಾಲು ತಿರುವು ಮಾತ್ರ. ಆದರೆ ಆ ತಿರುವು ಹಾಕಿದರೆ ಮುಗಿದ ಸೆಂಟರ್‌ಗಳು ಒಡೆಯುತ್ತವೆ. ಅವನ್ನು ಒಡೆಯದೆ ಆ ಒಂದು ತಿರುವನ್ನು ಒಳಗೆ ತೂರಿಸಲೆಂದೇ 17 ತಿರುವಿನ ಸೂತ್ರ ಹುಟ್ಟಿದ್ದು. ಎಲ್ಲರೂ ಬಾಯಿಪಾಠ ಮಾಡುವ ಆ ಸೂತ್ರವನ್ನು ಎಣಿಸಿ ನೋಡಿ: ಮೇಲ್ಮುಖದ ಅರ್ಧ ಸುತ್ತು ಎಂಟು, ಒಳ ಸ್ಲೈಸ್ ಸೇರಿದ ಕಾಲು ಸುತ್ತು ಒಂಬತ್ತು. ಒಂಬತ್ತು ಬೆಸಸಂಖ್ಯೆ. ಸೂತ್ರದ ತಿರುಳು ಇದೇ, ಉಳಿದದ್ದೆಲ್ಲ ಸೆಂಟರ್ ಕಾಯುವ ಕೆಲಸ. 6×6ರಲ್ಲಿ ಮೂರು ಪದರ ಒಟ್ಟಿಗೆ ಹಿಡಿದು ಇದನ್ನೇ ಮಾಡುವುದು. ಬಸ್ಸಿನಲ್ಲಿ ಆ ಹುಡುಗ ಹಾಕುತ್ತಿದ್ದದ್ದೂ ಇದನ್ನೇ.

ಸೆಂಟರ್ ಇನ್ನೂ ಕಟ್ಟಿರದಿದ್ದರೆ ಕಾಯುವುದಕ್ಕೆ ಏನೂ ಇರುವುದಿಲ್ಲ.

ಚಾವಡಿಯ ಬಿದಿರು

ದೀಪಾವಳಿಗೆ ವಾರವಿರುವಾಗ ನಮ್ಮ ಕರಾವಳಿಯ ಮನೆಗಳ ಚಾವಡಿಯಲ್ಲಿ ಗೂಡುದೀಪದ ಕೆಲಸ ಶುರುವಾಗುತ್ತದೆ. ಅಂಗಡಿಯಿಂದ ತಂದು ತೂಗುಹಾಕುವವರೇ ಈಗ ಹೆಚ್ಚು. ಆದರೂ ಕೈಯಲ್ಲಿ ಕಟ್ಟುವವರು ಇದ್ದಾರೆ, ಮಂಗಳೂರಿನ ಕುದ್ರೋಳಿಯಲ್ಲಿ ಗೂಡುದೀಪಗಳ ಸ್ಪರ್ಧೆಯೂ ನಡೆಯುತ್ತದೆ. ಕಟ್ಟುವವರ ಕೈ ಗಮನಿಸಿದರೆ ಕ್ರಮ ಸ್ಪಷ್ಟ. ಮೊದಲು ಬಿದಿರನ್ನು ತೆಳ್ಳಗೆ ಸೀಳಿ, ಸಿಬಿರು ಹೋಗುವಂತೆ ಹೆರೆದು, ಒಂದೇ ಅಳತೆಗೆ ಕತ್ತರಿಸಿ ಇಡುವುದು. ಮೂಲೆಗಳಲ್ಲಿ ನೂಲು ಸುತ್ತಿ ಬಿಗಿಯುವುದು. ಗೂಡು ನೆಲದ ಮೇಲೆ ಅಲ್ಲಾಡದೆ ನಿಂತ ಮೇಲೆ ಮೈದಾ ಅಂಟು ಕಾಯಿಸಿ ಬಣ್ಣದ ಕಾಗದ ಹಚ್ಚುವುದು. ಕಾಗದ ಹಚ್ಚುವಾಗ ಒಂದು ಚೌಕಕ್ಕೆ ತಪ್ಪು ಬಣ್ಣ ಬಿದ್ದರೆ ಒದ್ದೆ ಬೆರಳಲ್ಲಿ ಸುಲಿದು ಬೇರೆಯದನ್ನು ಅಂಟಿಸುತ್ತಾರೆ, ಬಿದಿರಿಗೆ ಏನೂ ಆಗುವುದಿಲ್ಲ. ಅದೇ, ಮೂಲೆಯೊಂದು ಓರೆಯಾಗಿದೆ ಎಂದು ಕಾಗದವೆಲ್ಲ ಹಚ್ಚಿಯಾದ ಮೇಲೆ ಗೊತ್ತಾದರೆ? ನೂಲು ಬಿಚ್ಚಲು ಹೋದರೆ ಸುತ್ತಲಿನ ಎಲ್ಲ ಚೌಕಗಳ ಕಾಗದ ಹರಿಯುತ್ತದೆ.

ದೊಡ್ಡ ಕ್ಯೂಬಿನಲ್ಲಿ ಇದೇ ಕ್ರಮ ಅನುಸರಿಸುವ ವಿಧಾನ ಒಂದಿದೆ. ಅದರ ಹೆಸರು ಕೇಜ್, ಅಂದರೆ ಪಂಜರ. ಎಡ್ಜ್ ಮತ್ತು ಕಾರ್ನರ್ ಸೇರಿ ಹೊರಗಿನ ಪಂಜರ ಮೊದಲು, ಅದರೊಳಗೆ ಸೆಂಟರ್ ತುಂಬುವುದು ಕೊನೆಗೆ. ಇದು ಹೊಸದೇನಲ್ಲ, ಆದರೆ ಸ್ಪರ್ಧೆಯ ವೇಗಕ್ಕೆ ಒಗ್ಗದ ಕಾರಣ ಯಾರೂ ಕಲಿಸುವುದಿಲ್ಲ. ಕಲಿಸಬೇಕು ಎನ್ನುವುದು ಈ ಬರಹದ ಗಟ್ಟಿ ಅಭಿಪ್ರಾಯ.

5×5ರಲ್ಲಿ ಪಂಜರ ಕಟ್ಟುವುದು

ಕಲಿಯಲು 5×5 ತೆಗೆದುಕೊಳ್ಳಿ, 4×4 ಬೇಡ. 5×5ಕ್ಕೆ ಪ್ರತಿ ಮುಖದ ನಡುವೆ ಜಾಗ ಬಿಡದ ಒಂದು ಸೆಂಟರ್ ಇದೆ, ಪ್ರತಿ ಎಡ್ಜಿನ ನಡುವೆ ಒಂದು ನಡುತುಂಡು ಇದೆ. ಯಾವ ಮುಖ ಯಾವ ಬಣ್ಣ ಎಂದು ನೆನಪಿಡಬೇಕಾಗಿಲ್ಲ. ಎಡ್ಜ್ ಉಲ್ಟಾ ಇದೆಯೋ ನೇರ ಇದೆಯೋ ಎಂದು ನಡುತುಂಡೇ ಹೇಳುತ್ತದೆ. 4×4ರಲ್ಲಿ ಇವೆರಡೂ ಇಲ್ಲದ ಕಾರಣ ಪ್ಯಾರಿಟಿ ಕೊನೆಯವರೆಗೂ ಅಡಗಿ ಕೂರುತ್ತದೆ, ಪಂಜರದ ಲಾಭ ಅರ್ಧ ಕಳೆದುಹೋಗುತ್ತದೆ.

ಮೊದಲ ಕೆಲಸ, ಹನ್ನೆರಡು ಎಡ್ಜ್‌ಗಳನ್ನು ಮೂರು ಮೂರು ತುಂಡು ಸೇರಿಸಿ ಕಟ್ಟುವುದು. ಒಂದು ನಡುತುಂಡನ್ನು ಮುಂದಿನ ಮುಖದ ಎಡ ಅಂಚಿಗೆ ತನ್ನಿ. ಅದರ ಜೋಡಿ ವಿಂಗ್ ಬಲ ಅಂಚಿಗೆ ಬರಲಿ. ಈಗ ಮುಂದಿನ ಮುಖದಲ್ಲಿ ಕಾಣುವ ಎರಡು ಬಣ್ಣ ನೋಡಿ. ಬೇರೆ ಬೇರೆಯಾಗಿದ್ದರೆ ಆ ವಿಂಗ್ ಇರುವ ಅಡ್ಡ ಸ್ಲೈಸನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಸಾಕು, ಎರಡೂ ಅಂಟಿಕೊಳ್ಳುತ್ತವೆ. ಎರಡೂ ಒಂದೇ ಬಣ್ಣವಾಗಿದ್ದರೆ ತಿರುಗಿಸಿ ಪ್ರಯೋಜನವಿಲ್ಲ, ವಿಂಗ್ ಉಲ್ಟಾ ಬಂದು ಕೂರುತ್ತದೆ. ಮೊದಲು ಬಲ ಅಂಚಿನ ಎಡ್ಜನ್ನು ಮಗುಚಬೇಕು: ಆರ್, ಯು, ಆರ್ ಪ್ರೈಮ್, ಎಫ್, ಆರ್ ಪ್ರೈಮ್, ಎಫ್ ಪ್ರೈಮ್, ಆರ್. (ಆರ್ ಎಂದರೆ ಬಲದ, ಯು ಮೇಲಿನ, ಎಫ್ ಮುಂದಿನ ಹೊರ ಪದರವನ್ನು ಪ್ರದಕ್ಷಿಣೆಯಾಗಿ ಕಾಲು ಸುತ್ತು ತಿರುಗಿಸುವುದು, ಪ್ರೈಮ್ ಎಂದರೆ ಅಪ್ರದಕ್ಷಿಣೆ.) ಮಗುಚಿದಾಗ ಆ ವಿಂಗ್ ಮೇಲಿನ ಸ್ಲೈಸಿನಿಂದ ಕೆಳಗಿನದಕ್ಕೋ, ಕೆಳಗಿನಿಂದ ಮೇಲಕ್ಕೋ ಹೋಗುತ್ತದೆ. ತಿರುಗಿಸಬೇಕಾದ ಸ್ಲೈಸ್ ಈಗ ಬದಲಾಗಿದೆ. ಇಲ್ಲಿ ತಪ್ಪುವವರೇ ಹೆಚ್ಚು. ಮೂರೂ ತುಂಡು ಸೇರಿದ ಎಡ್ಜನ್ನು ಮೇಲಿನ ಅಥವಾ ಕೆಳಗಿನ ಪದರಕ್ಕೆ ಸಾಗಿಸಿ, ಆ ಜಾಗಕ್ಕೆ ಇನ್ನೂ ಸೇರದ ಎಡ್ಜೊಂದನ್ನು ಇಳಿಸಿ. ಮೇಲೆ ನಾಲ್ಕು, ಕೆಳಗೆ ನಾಲ್ಕು ತುಂಬಿದ ಮೇಲೆ ನಡುವೆ ನಾಲ್ಕು ಉಳಿಯುತ್ತವೆ.

ರಿಡಕ್ಷನ್ ಮಾಡುವವರು ಈ ಹಂತದಲ್ಲಿ ಪ್ರತಿ ಸ್ಲೈಸನ್ನೂ ಕೊನೆಗೆ ಸ್ವಸ್ಥಾನಕ್ಕೆ ತರಬೇಕು, ಇಲ್ಲದಿದ್ದರೆ ಸೆಂಟರ್‌ಗಳು ಪಟ್ಟೆಪಟ್ಟೆಯಾಗುತ್ತವೆ. ಪಂಜರದಲ್ಲಿ ಆ ಋಣವಿಲ್ಲ. ಸ್ಲೈಸ್ ಎಲ್ಲಿ ನಿಂತರೂ ನಡೆಯುತ್ತದೆ. ಇದನ್ನು ಮೊದಲ ಸಲ ಅನುಭವಿಸುವವರ ಕೈ ತಾನಾಗಿಯೇ ಸ್ಲೈಸನ್ನು ಹಿಂದಕ್ಕೆ ತಿರುಗಿಸಲು ಹೋಗುತ್ತದೆ, ಅಭ್ಯಾಸಬಲ. ತಿರುಗಿಸಿ, ಮಗುಚಿ, ಹಿಂತಿರುಗಿಸುವ ಕೆಲಸ ಬೇಕಾಗುವುದು ಕೊನೆಯ ಎರಡು ಮೂರು ಎಡ್ಜ್‌ಗಳಿಗೆ ಮಾತ್ರ. ಅಲ್ಲಿ ಬದಲಿ ಎಡ್ಜ್ ಉಳಿದಿರುವುದಿಲ್ಲ.

ಹನ್ನೊಂದು ಎಡ್ಜ್ ಸರಿಯಾಗಿ, ಹನ್ನೆರಡನೆಯದರ ಎರಡು ವಿಂಗ್ ಮಾತ್ರ ಅದಲುಬದಲಾಗಿ ಉಳಿದರೆ, ಅದೇ ಪ್ಯಾರಿಟಿ. 17 ತಿರುವು ಬೇಡ. ಆ ಎಡ್ಜನ್ನು ಮೇಲೆ ಮುಂದುಗಡೆ ಇಟ್ಟು, ಬಲದಿಂದ ಎರಡನೆಯ ನಿಂತ ಸ್ಲೈಸನ್ನು ಒಂದು ಕಾಲು ಸುತ್ತು ತಿರುಗಿಸಿ ಬಿಟ್ಟುಬಿಡಿ. ನಾಲ್ಕು ಎಡ್ಜ್ ಒಡೆಯುತ್ತವೆ, ಒಡೆಯಲಿ. ಬೆಸವಾಗಿದ್ದ ಲೆಕ್ಕ ಸಮವಾಯಿತು. ಆ ನಾಲ್ಕನ್ನು ನಡುವಿನ ಪದರಕ್ಕೆ ತಂದು ಮೊದಲಿನ ಹಾಗೆಯೇ ಕಟ್ಟಿದರೆ ಈ ಸಲ ಹನ್ನೆರಡೂ ಸೇರುತ್ತವೆ. ತಿರುವಿನ ಸಂಖ್ಯೆ ನೋಡಿದರೆ ಇದು 17ಕ್ಕಿಂತ ಕಡಿಮೆಯೇನಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಲ್ಲಿ ಬಾಯಿಪಾಠವಿಲ್ಲ, ನಡುವೆ ಬಸ್ಸು ನಿಂತರೂ ಕಳೆದುಕೊಳ್ಳಲು ಏನೂ ಇಲ್ಲ. ಏನು ಮಾಡುತ್ತಿದ್ದೇವೆ, ಯಾಕೆ ಮಾಡುತ್ತಿದ್ದೇವೆ ಎನ್ನುವುದು ಪ್ರತಿ ಹೆಜ್ಜೆಯಲ್ಲೂ ಕಣ್ಣೆದುರಿಗಿರುತ್ತದೆ.

ಎಡ್ಜ್ ಮುಗಿದ ಮೇಲೆ ಹೊರ ಪದರಗಳನ್ನು ಮಾತ್ರ ತಿರುಗಿಸುತ್ತಾ 3×3ರ ಹಾಗೆ ಬಿಡಿಸಿ. ಮುಖಗಳ ಒಳಗೆಲ್ಲ ಬಣ್ಣ ಚೆಲ್ಲಾಪಿಲ್ಲಿ, ಅಂಚು ಮಾತ್ರ ಸರಿ, ಹೀಗೊಂದು ಕ್ಯೂಬ್ ಕೈಗೆ ಸಿಗುತ್ತದೆ. ಕಾಗದ ಹಚ್ಚದ ಗೂಡು.

ಬಲ ಮೇಲೆ, ಎಡ ಮೇಲೆ, ಬಲ ಕೆಳಗೆ, ಎಡ ಕೆಳಗೆ

ಇನ್ನು ಸೆಂಟರ್. ಇಲ್ಲಿಂದ ಮುಂದೆ ಒಂದೇ ಉಪಕರಣ, ಕಮ್ಯುಟೇಟರ್. ಎಂಟು ತಿರುವು, ಮೂರು ತುಂಡು ಜಾಗ ಬದಲಿಸುತ್ತವೆ, ಕ್ಯೂಬಿನ ಬೇರೆ ಯಾವ ತುಂಡೂ ಅಲುಗುವುದಿಲ್ಲ. ಕ್ಯೂಬರ್‌ಗಳ ಭಾಷೆಯಲ್ಲಿ: ಒಳ ಆರ್, ಯು ಪ್ರೈಮ್, ಒಳ ಎಲ್ ಪ್ರೈಮ್, ಯು, ಒಳ ಆರ್ ಪ್ರೈಮ್, ಯು ಪ್ರೈಮ್, ಒಳ ಎಲ್, ಯು. ಅಕ್ಷರ ಬಿಟ್ಟು ಕೈಯ ಚಲನೆಯಾಗಿ ಹೇಳಿದರೆ ಇನ್ನೂ ಸುಲಭ. ಬಲಗಡೆಯ ಒಳ ಸ್ಲೈಸ್ ಮೇಲಕ್ಕೆ, ಮೇಲ್ಮುಖ ಅಪ್ರದಕ್ಷಿಣೆ. ಎಡಗಡೆಯ ಒಳ ಸ್ಲೈಸ್ ಮೇಲಕ್ಕೆ, ಮೇಲ್ಮುಖ ಪ್ರದಕ್ಷಿಣೆ. ಬಲ ಕೆಳಕ್ಕೆ, ಅಪ್ರದಕ್ಷಿಣೆ. ಎಡ ಕೆಳಕ್ಕೆ, ಪ್ರದಕ್ಷಿಣೆ. ಏರಿದ್ದು ಎರಡೂ ಇಳಿಯಿತು, ಮೇಲ್ಮುಖ ತಿರುಗಿದ್ದೆಲ್ಲ ಮರಳಿತು.

ಏನಾಯಿತು ಎಂದು ನೋಡಿ. ಮುಂದಿನ ಮುಖದ ಮೇಲಿನ ಬಲ ಮೂಲೆಯ ಸೆಂಟರ್ ತುಂಡು ಮೇಲ್ಮುಖದ ಹಿಂದಿನ ಬಲ ಮೂಲೆಗೆ ಹೋಯಿತು. ಅಲ್ಲಿದ್ದದ್ದು ಮುಂದಿನ ಮುಖದ ಮೇಲಿನ ಎಡ ಮೂಲೆಗೆ ಇಳಿಯಿತು. ಎಡ ಮೂಲೆಯಲ್ಲಿದ್ದದ್ದು ಬಲ ಮೂಲೆಗೆ ಸರಿಯಿತು. ಮೂರನೆಯ ತುಂಡು ಮುಂದಿನ ಮುಖವನ್ನು ಬಿಟ್ಟು ಹೋಗಲೇ ಇಲ್ಲ. ಅದರ ಬಣ್ಣ ಹಸಿರಾಗಿದ್ದು ಮುಖವೂ ಹಸಿರಿನದಾದರೆ ಕಣ್ಣಿಗೆ ಕಾಣುವುದು ನೇರ ವಿನಿಮಯ ಮಾತ್ರ: ಹಸಿರು ಮುಖದಲ್ಲಿದ್ದ ಬಿಳಿ ಬಿಳಿಯ ಮುಖಕ್ಕೆ, ಬಿಳಿಯಲ್ಲಿದ್ದ ಹಸಿರು ಹಸಿರಿಗೆ. ಮೂರರ ಚಕ್ರವನ್ನು ಎರಡರ ವಿನಿಮಯದಂತೆ ಬಳಸುವ ಈ ಸಾಧ್ಯತೆ ಇರುವುದು ಒಂದೇ ಬಣ್ಣದ ತುಂಡುಗಳು ಹಲವು ಇರುವುದರಿಂದ. ಪ್ಯಾರಿಟಿಯನ್ನು ನಮ್ಮಿಂದ ಮರೆಮಾಚಿದ ಗುಣವೇ ಇಲ್ಲಿ ನೆರವಿಗೆ ಬರುತ್ತದೆ.

ಎದುರುಬದುರು ಮುಖಗಳ ನಡುವೆ ವಿನಿಮಯ ಬೇಕಾದರೆ, ಅಂದರೆ ಬಿಳಿಗೂ ಹಳದಿಗೂ, ಅದೇ ಎಂಟು ತಿರುವಿನಲ್ಲಿ ಸ್ಲೈಸ್‌ಗಳ ಕಾಲು ಸುತ್ತಿನ ಬದಲು ಅರ್ಧ ಸುತ್ತು ಹಾಕಿ. ಮೇಲ್ಮುಖದ ತಿರುವು ಹಾಗೆಯೇ ಇರಲಿ. ಕೆಳಮುಖದಿಂದ ಮೇಲಕ್ಕೆ ತುಂಡು ಬರುತ್ತದೆ, ಬದಿಯ ಮುಖಗಳಿಗೆ ಏನೂ ಆಗುವುದಿಲ್ಲ.

ಬೇಕಾದ ತುಂಡು ಸರಿಯಾದ ಮೂಲೆಯಲ್ಲಿ ಇರದಿದ್ದರೆ ಮುಂದಿನ ಮುಖವನ್ನೋ ಮೇಲ್ಮುಖವನ್ನೋ ತಿರುಗಿಸಿ ತಂದುಕೊಳ್ಳಬೇಕು. ಇದೇ ಸೆಟಪ್. ಎಂಟು ತಿರುವು ಮುಗಿದ ಕೂಡಲೇ ಸೆಟಪ್ಪನ್ನು ಹಿಂದಕ್ಕೆ ತಿರುಗಿಸಬೇಕು. ಇದನ್ನು ಮರೆತರೆ ಅಂಚು ಒಡೆದು ಕಾಣುತ್ತದೆ. ಗಾಬರಿ ಬೇಡ, ಆ ಮುಖವನ್ನೊಮ್ಮೆ ತಿರುಗಿಸಿದರೆ ಪಂಜರ ಮರಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಬೇರೆ ಕಾರಣಕ್ಕೆ. ಸ್ಲೈಸ್ ತಿರುಗಿಸುವಾಗ ಹೊರ ಪದರವೂ ಜತೆಗೆ ಬಂದುಬಿಡುತ್ತದೆ. ರಿಡಕ್ಷನ್ ಅಭ್ಯಾಸವಾದವರು ಎರಡು ಪದರ ಒಟ್ಟಿಗೆ ತಿರುಗಿಸಿಯೇ ರೂಢಿ. ಇಲ್ಲಿ ಹೊರ ಪದರ ಸೇರಿಕೊಂಡರೆ ವಿಂಗ್‌ಗಳೂ ಚಕ್ರಕ್ಕೆ ಸಿಲುಕುತ್ತವೆ, ಪಂಜರ ನಿಜವಾಗಿಯೇ ಮುರಿಯುತ್ತದೆ. ಒಳ ಸ್ಲೈಸ್ ಒಂದೇ ಚಲಿಸಬೇಕು. ಬೆರಳಿಗೆ ಕಷ್ಟವಾದರೆ ಎರಡೂ ಪದರ ತಿರುಗಿಸಿ ಹೊರಗಿನದನ್ನು ಹಿಂದಕ್ಕೆ ತನ್ನಿ, ಫಲ ಒಂದೇ. ಮಳೆಗಾಲದಲ್ಲಿ, ಏಪ್ರಿಲ್ ಮೇ ತಿಂಗಳ ಬೆವರಿನಲ್ಲಿ ನಮ್ಮ ಊರಲ್ಲಿ ಬೆರಳು ಜಾರುವುದು ಇದ್ದದ್ದೇ. ಪಕ್ಕದಲ್ಲಿ ಒಂದು ಒಣಬಟ್ಟೆ ಇಟ್ಟುಕೊಳ್ಳುವುದು ಉಪಾಯ. ಸ್ಲೈಸ್‌ಗಳು ಬಿಗಿಯಾಗಿದ್ದರೆ ಎರಡು ಹನಿ ಸಿಲಿಕೋನ್ ಎಣ್ಣೆ ಸಾಕು. ತೆಂಗಿನೆಣ್ಣೆ ಹಾಕಬೇಡಿ, ಧೂಳು ಹಿಡಿದು ಅಂಟಾಗುತ್ತದೆ.

ಬಳಗ ಗುರುತಿಸುವುದು

5×5ರಲ್ಲಿ ಜಾಗ ಬದಲಿಸುವ ಸೆಂಟರ್ ತುಂಡು 48. ಅವುಗಳಲ್ಲಿ 24 ಮೂಲೆಯವು, 24 ಬದಿಯವು. ಮೂಲೆಯದು ಎಂದೂ ಬದಿಗೆ ಬರದು. 7×7ರಲ್ಲಿ ಚಲಿಸುವವು 144, ಇಪ್ಪತ್ತನಾಲ್ಕರ ಆರು ಬಳಗ. ಅವುಗಳಲ್ಲಿ ಎರಡು ಬಳಗ ಓರೆಯ ತುಂಡುಗಳದ್ದು (ಮುಖದ ಕರ್ಣದ ಮೇಲೂ ನಡುಸಾಲಿನಲ್ಲೂ ಇರದವು), ಒಂದರ ಕನ್ನಡಿ ಬಿಂಬ ಇನ್ನೊಂದು. ಇವೆರಡನ್ನು ಒಂದೇ ಎಂದು ತಿಳಿದು ಅರ್ಧ ಗಂಟೆ ಕಳೆಯುವುದು ಸುಲಭ. ಪರೀಕ್ಷೆ ಸರಳವಾಗಿದೆ: ತುಂಡು ಇರುವ ಮುಖವನ್ನು ಒಂದು ಸುತ್ತು ಪೂರ್ತಿ ತಿರುಗಿಸಿ ನೋಡಿ. ನಾಲ್ಕು ನಿಲುಗಡೆಗಳಲ್ಲಿ ಒಂದರಲ್ಲಾದರೂ ಅದು ನಿಮಗೆ ಬೇಕಾದ ಜಾಗದ ಆಕಾರಕ್ಕೆ ಬರದಿದ್ದರೆ ಅದು ಬೇರೆ ಬಳಗ, ಬಿಟ್ಟುಬಿಡಿ.

ಯಾವ ಸ್ಲೈಸ್ ಬಳಸಬೇಕೆಂಬುದಕ್ಕೂ ನಿಯಮವೊಂದಿದೆ. ಮುಂದಿನ ಮುಖದಲ್ಲಿ ನಿಮ್ಮ ತುಂಡು ಬಲದಿಂದ ಎಷ್ಟನೆಯ ಕಂಬದಲ್ಲಿದೆಯೋ, ಅಷ್ಟನೆಯದು ಬಲ ಸ್ಲೈಸ್. ಮೇಲಿನಿಂದ ಎಷ್ಟನೆಯ ಸಾಲಿನಲ್ಲಿದೆಯೋ, ಎಡದಿಂದ ಅಷ್ಟನೆಯದು ಎಡ ಸ್ಲೈಸ್. ಬಲದಿಂದ ಎರಡನೆಯ ಕಂಬ, ಮೇಲಿನಿಂದ ಮೂರನೆಯ ಸಾಲು ಎಂದಾದರೆ ಬಲದ 2, ಎಡದ 3. ತುಂಡು ಹೋಗಿ ಕೂರುವುದು ಮೇಲ್ಮುಖದಲ್ಲಿ ಬಲದಿಂದ ಎರಡನೆಯ ಕಂಬ, ಹಿಂದಿನಿಂದ ಮೂರನೆಯ ಸಾಲು. ಒಂದೇ ಎಚ್ಚರ: ಎರಡೂ ಲೆಕ್ಕ ಒಂದೇ ಸ್ಲೈಸಿಗೆ ಬರಬಾರದು. 7×7ರಲ್ಲಿ ಬಲದಿಂದ 2 ಎಂದರೂ ಎಡದಿಂದ 6 ಎಂದರೂ ಅದೇ ಸ್ಲೈಸ್. ಹಾಗೆ ಬಂದರೆ ಮುಂದಿನ ಮುಖವನ್ನು ಕಾಲು ಸುತ್ತು ತಿರುಗಿಸಿ ಬೇರೆ ಲೆಕ್ಕಕ್ಕೆ ತಂದುಕೊಳ್ಳಿ.

ಈ ನಿಯಮ ಕೈಗೆ ಹತ್ತಿದ ಮೇಲೆ ಒಂದೊಂದೇ ತುಂಡು ಸಾಗಿಸಬೇಕಾಗಿಲ್ಲ. ಬಲದ 2 ಮತ್ತು 3ನೆಯ ಸ್ಲೈಸ್‌ಗಳನ್ನು ಒಟ್ಟಿಗೆ ಹಿಡಿದು ಅದೇ ಎಂಟು ತಿರುವು ಹಾಕಿದರೆ ಎರಡು ತುಂಡುಗಳ ಪಟ್ಟಿಯೇ ಒಟ್ಟಿಗೆ ಹೋಗುತ್ತದೆ. ಎಡದ ಸ್ಲೈಸ್‌ನೊಂದಿಗೆ ಡಿಕ್ಕಿಯಾಗದಿದ್ದರೆ ಸಾಕು. 7×7ರಲ್ಲಿ ಇದನ್ನು ಬಳಸದೆ ಹೋದರೆ ಲೆಕ್ಕ ಹೀಗಿದೆ: ಆರರಲ್ಲೊಂದು ಪಾಲು ತಾನಾಗಿಯೇ ಸರಿ ಕೂತಿರುತ್ತದೆ ಎಂದುಕೊಂಡರೆ ಸುಮಾರು 120 ತುಂಡು ಉಳಿಯುತ್ತವೆ. ಪ್ರತಿ ಸಲ ಎರಡು ತುಂಡು ಸರಿಯಾದರೂ 60 ಕಮ್ಯುಟೇಟರ್, 480 ತಿರುವು, ಸೆಟಪ್ ಬೇರೆ.

7×7ರ ಒಳ ಸ್ಲೈಸ್‌ಗಳು ಹೊರಗಿನದಕ್ಕಿಂತ ಸಪೂರ. ಅದಕ್ಕೊಂದು ಕಾರಣವಿದೆ. ಏಳು ಪದರಗಳೂ ಒಂದೇ ದಪ್ಪವಾಗಿದ್ದರೆ, ಹೊರ ಪದರ 45 ಡಿಗ್ರಿ ತಿರುಗಿದಾಗ ಕಾರ್ನರ್ ತುಂಡು ಪೂರ್ತಿ ಹೊರಗೆ ಚಾಚಿ, ಒಳಗೆ ಹಿಡಿದುಕೊಳ್ಳಲು ಆಧಾರವೇ ಇಲ್ಲದಾಗುತ್ತದೆ. ಗ್ರೀಸಿನ ಪನಾಯೋಟಿಸ್ ವೆರ್ಡೆಸ್ ಅವರ ವಿ-ಕ್ಯೂಬ್ 2008ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ 7×7 ದಿಂಬಿನ ಹಾಗೆ ಉಬ್ಬಿಕೊಂಡಿದ್ದದ್ದೂ ಇದೇ ಕಾರಣಕ್ಕೆ. ಚಪ್ಪಟೆ 7×7 ಮಾಡುವವರು ಹೊರ ಪದರವನ್ನು ದಪ್ಪ ಮಾಡುತ್ತಾರೆ. ಪಂಜರ ವಿಧಾನದಲ್ಲಿ ಬೆರಳು ಹುಡುಕುವುದು ಸಪೂರದ ಒಳ ಸ್ಲೈಸನ್ನೇ ಆದ್ದರಿಂದ ಪ್ರತಿ ತಿರುವಿನ ನಂತರ ಪದರಗಳನ್ನು ಒತ್ತಿ ಸಮ ಮಾಡುವುದು ಒಳ್ಳೆಯದು. ಓರೆಯಾಗಿ ನಿಂತ ಸ್ಲೈಸಿನ ಮೇಲೆ ಬಲ ಹಾಕಿದರೆ ತುಂಡು ಕಳಚಿ ಬರುತ್ತದೆ. ಇದರ ವಿಂಗ್‌ಗಳಲ್ಲೂ ಎರಡು ಬಳಗ, ಎರಡಕ್ಕೂ ಬೇರೆ ಬೇರೆ ಪ್ಯಾರಿಟಿ. ಯಾವ ಬಳಗ ತಪ್ಪಿದೆಯೋ ಆ ಆಳದ ಸ್ಲೈಸನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಪುನಃ ಕಟ್ಟಬೇಕು.

ವೇಗ ಬೇಕಾದವರಿಗೆ

ಸ್ಪರ್ಧೆಗೆ ತಯಾರಾಗುವವರು ಇದನ್ನು ಮುಖ್ಯ ವಿಧಾನ ಮಾಡಿಕೊಳ್ಳಬಾರದು. ಅವರಿಗೆ ರಾಬರ್ಟ್ ಯೌ ಅವರ ಹೆಸರಿನ ಯೌ ವಿಧಾನವೇ ಸರಿ: ಎದುರುಬದುರಿನ ಎರಡು ಸೆಂಟರ್, ಆಮೇಲೆ ಕ್ರಾಸಿನ (ಒಂದು ಮುಖದ ಸುತ್ತಲಿನ ನಾಲ್ಕು ಎಡ್ಜ್‌ಗಳ) ಮೂರು ಎಡ್ಜ್, ಆಮೇಲೆ ಉಳಿದ ನಾಲ್ಕು ಸೆಂಟರ್, ನಾಲ್ಕನೆಯ ಕ್ರಾಸ್ ಎಡ್ಜ್, ಮತ್ತೆ ಉಳಿದ ಎಂಟು. ಅದೂ ಕ್ರಮವನ್ನು ಮುರಿದು ಕಟ್ಟಿದ್ದೇ ಎಂಬುದು ಗಮನಿಸುವ ಮಾತು, ಸೆಂಟರ್ ಎಲ್ಲ ಮುಗಿಯುವವರೆಗೆ ಎಡ್ಜ್ ಮುಟ್ಟಬಾರದು ಎಂಬ ನಿಯಮ ಅಲ್ಲಿಯೂ ಇಲ್ಲ. ಆದರೆ ವೇಗದ ಹಾದಿಯಲ್ಲಿ ಇರುವವರಿಗೂ ಆ ಎಂಟು ತಿರುವು ಗೊತ್ತಿರಬೇಕು. 4×4 ಮತ್ತು 5×5ನ್ನು ಕಣ್ಣು ಕಟ್ಟಿಕೊಂಡು ಬಿಡಿಸುವ ಸ್ಪರ್ಧೆಗಳಿವೆ. ಅಲ್ಲಿ ರಿಡಕ್ಷನ್ ನಡೆಯುವುದಿಲ್ಲ, ಸೆಂಟರ್‌ಗಳನ್ನು ಸಾಗಿಸುವುದು ಇಂಥ ಮೂರರ ಚಕ್ರಗಳಿಂದಲೇ.

ಬಸ್ಸಿನ ಹುಡುಗನಂಥವರಿಗೆ ಮೊದಲ ವಾರದ ಅಭ್ಯಾಸ ಹೀಗಿರಲಿ. ಬಿಡಿಸಿದ 5×5 ತೆಗೆದುಕೊಂಡು ಬಿಳಿ ಮೇಲೆ, ಹಸಿರು ಮುಂದೆ ಹಿಡಿಯಿರಿ. ಎಂಟು ತಿರುವು ಒಮ್ಮೆ ಹಾಕಿ. ಬಿಳಿಯಲ್ಲಿ ಒಂದು ಹಸಿರು, ಹಸಿರಿನಲ್ಲಿ ಒಂದು ಬಿಳಿ ಕಾಣುತ್ತವೆ. ಅದನ್ನೇ ಎರಡನೆಯ ಸಲ ಹಾಕಿ, ಮೂರನೆಯ ಸಲ ಹಾಕಿ. ಮೂರಕ್ಕೆ ಕ್ಯೂಬ್ ಮೊದಲಿನಂತಾಗುತ್ತದೆ. ಆಗದಿದ್ದರೆ ಎಲ್ಲೋ ಹೊರ ಪದರ ಜತೆಗೆ ತಿರುಗಿದೆ. ಇದು ತಪ್ಪಿಲ್ಲದೆ ಹತ್ತು ಸಲ ಬಂದ ಮೇಲೆ ನಡುವಿನ ಸ್ಲೈಸನ್ನು ಬಲದ್ದೆಂದು ಹಿಡಿದು ಬದಿಯ ತುಂಡುಗಳಿಗೆ ಅದನ್ನೇ ಹಾಕಿ ನೋಡಿ. ಆಮೇಲೆ ಕ್ಯೂಬ್ ಕೆಡಿಸಿ, ಬಿದಿರಿನಿಂದ ಶುರುಮಾಡಿ.